ಎಮರ್ಜೆನ್ಸಿಲಿ ಜೈಲಿಗೋಗಿದ್ದ ನಮ್ಮಪ್ಪನ ನೆನಪನ್ನ ಹೈಕ್ಳಿಗೆ ಹೆಂಗೆ ದಾಟ್ಸೋದು?

ಮಂಡ್ಯ_ಹೈದ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ ಎಪ್ಪತ್ತು ದಾಟ್ತು. 1975ರ ನವೆಂಬರ್ 14ಕ್ಕೆ ಎಮರ್ಜೆನ್ಸಿ ವಿರುದ್ಧ ವಿರೋಧ ಪಕ್ಷದೋರು ಸೇರಿ ಕಟ್ಟಿದ್ದ ಲೋಕ ಸಂಘರ್ಷ ಸಮಿತಿಯೋರು ದೇಶದ ತುಂಬ ಸತ್ಯಾಗ್ರಹ ಶುರು ಮಾಡುದ್ರಲ್ಲ, ಆಗ ಪ್ಯಾಟೆಲಿ ಕರಪತ್ರ ಹಂಚಿ ಘೋಷಣೆ ಕೂಗಿ ಜೈಲಿಗೋದೋರು. ಈಗ ಪ್ರತಿ ವರ್ಷ ಜೂನ್ 25, ಎಮರ್ಜೆನ್ಸಿ ಹೇರಿದ ದಿನ, ಬಂತು ಅಂದ್ರೆ ಯಾರಾದ್ರೂ ಬಂದು ಶಾಲು ಹೊದ್ಸಿ ಮೈಕ್ ಕೊಡ್ತಾರೆ, ಅಪ್ಪನೂ ಅದೇ ಭಾಷಣ ಒಪ್ಪುಸ್ತಾರೆ, ಸರ್ವಾಧಿಕಾರ, ಪ್ರಜಾಪ್ರಭುತ್ವ, ಎರಡನೇ ಸ್ವಾತಂತ್ರ್ಯ ಹೋರಾಟ, ಅಷ್ಟೇ. ನನ್ ಮಗ ಒಂಬತ್ನೇ ಕ್ಲಾಸು, ಅವ್ನಿಗೆ ಅದು ಸೋಷಿಯಲ್ ಬುಕ್ಕಿನ ಪಾಠ ಇದ್ದಂಗೆ, ಫೋನ್ ತಿಕ್ಕೊಂಡು ಕೂತಿರ್ತಾನೆ.

ಮೊನ್ನೆ ಊಟ ಮಾಡ್ತಾ ಅವ್ನೇ ಕೇಳ್ಬುಟ್ಟ, ತಾತ ನಿನ್ನ ಪೊಲೀಸ್ನೋರು ಹೊಡುದ್ರಾ ಅಂತ. ಅಪ್ಪ ಮುದ್ದೆ ಮುರೀತಿದ್ದೋರು ಹಂಗೇ ತಟ್ಟೆಲೇ ಕೈ ತೊಳ್ಕೊಂಡು ಎದ್ದೋದ್ರು. ಅವ್ವ ಹುಡುಗನಿಗೇ ಬೈದ್ಲು. ನಾನೂ ಇಷ್ಟು ವರ್ಷ ಅದನ್ನ ಕೇಳ್ದೋನಲ್ಲ. ವಿಡಿಯೋ ಮಾಡಿಟ್ಕೊಳ್ಳಾಣ ಅಂತ ಆಸೆ, ಇನ್ನೆಷ್ಟು ದಿನ ಇರ್ತಾರೋ. ಕೇಳ್ಬೇಕಾ, ಬ್ಯಾಡ್ವಾ, ಕೇಳುದ್ರೆ ಹೆಂಗೆ? ಈ ಸಲ ಮಗನ ಸ್ಕೂಲ್ನೋರೂ ಕರ್ದವ್ರೆ. ಯಾವ್ ಪಾರ್ಟಿ ಸರಿ ಅಂತ ನಾನು ಕೇಳ್ತಿಲ್ಲ, ದಯವಿಟ್ಟು ಪಾಲಿಟಿಕ್ಸ್ ತರ್ಬೇಡಿ.

ಸರಸ್ವತಿಪುರಂ_ಟೀಚರ್:
ನಿಮ್ಮ ತಂದೆಯವರನ್ನ ಸದ್ಯಕ್ಕೆ ಬಿಟ್ಬಿಡಿ, ತಾಯಿನ ಕೇಳಿ. ಮಕ್ಕಳ ಕೈಲಿ ಹಿರಿಯರ ನೆನಪು ರೆಕಾರ್ಡ್ ಮಾಡಿಸೋ ಕೆಲಸ ಬಹಳ ಕಾಲದಿಂದ ಮಾಡ್ಕೊಂಡು ಬಂದಿದೀನಿ, ಅದಕ್ಕೇ ಹೇಳ್ತಿದೀನಿ. ಜೈಲಿಗೆ ಹೋದ ಗಂಡಸರಿಗೆ ವೇದಿಕೆ ಸಿಕ್ತು, ಹೇಳಿ ಹೇಳಿ ಅವರ ಮಾತು ನುಣ್ಣಗಾಗಿಬಿಟ್ಟಿದೆ. ಮನೆಲಿ ಉಳಿದ ಹೆಂಗಸರ ಕೈಗೆ ಯಾರೂ ಮೈಕ್ ಕೊಟ್ಟಿಲ್ಲ, ಹಾಗಾಗಿ ಅವರ ನೆನಪು ಇನ್ನೂ ಹಸಿಯಾಗೇ ಇರತ್ತೆ.

ಮೊದಲು ತಂದೆಯವರನ್ನ ಹಿಡಿದದ್ದು ಮೀಸಾ (ಆಂತರಿಕ ಭದ್ರತಾ ಕಾಯ್ದೆ) ಕೆಳಗಾ ಡಿಐಆರ್ (ಭಾರತ ರಕ್ಷಣಾ ನಿಯಮ) ಕೆಳಗಾ ತಿಳ್ಕೊಳಿ. ಡಿಐಆರ್ ಆದರೆ ಕೇಸು ಕೋರ್ಟು ಅಂತ ಏನೋ ಒಂದು ಇರ್ತಿತ್ತು. ಮೀಸಾ ಅಂದ್ರೆ ವಿಚಾರಣೆನೇ ಇಲ್ಲ, ಯಾವಾಗ ಬಿಡ್ತಾರೆ ಅಂತ ಯಾರನ್ನ ಕೇಳೋದು? 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದಿಟ್ಟವರನ್ನ ಕೋರ್ಟ್ ಮುಂದೆ ತನ್ನಿ ಅಂತ ಕೇಳೋ ಅರ್ಜಿ, ಹಾಕೋ ಹಕ್ಕು ಈಗಿಲ್ಲ ಅಂದುಬಿಡ್ತು, ಐದು ಜನ ಜಡ್ಜ್‌ಗಳಲ್ಲಿ ಇದನ್ನ ಒಪ್ಪಲ್ಲ ಅಂದಿದ್ದು ಎಚ್.ಆರ್. ಖನ್ನಾ ಒಬ್ಬರೇ. ಹಾಗಾಗಿ ಮನೆಯವರು ಕಾಯ್ತಿದ್ದ ರೀತಿನೇ ಬೇರೆ ಆಗತ್ತೆ.

ಎಮರ್ಜೆನ್ಸಿ ಬಗ್ಗೆ ಹೇಳಮ್ಮ ಅನ್ನಬೇಡಿ, ಅದಕ್ಕೆ ಭಾಷಣನೇ ಉತ್ತರವಾಗಿ ಬರೋದು. ಅವತ್ತು ಬೆಳಿಗ್ಗೆ ಯಾವ ಶರ್ಟ್ ಹಾಕ್ಕೊಂಡು ಹೋದ್ರು, ಸುದ್ದಿ ತಂದವರು ಯಾರು, ಆ ತಿಂಗಳು ಸೀಮೆಎಣ್ಣೆ ಯಾರು ತಂದುಕೊಟ್ರು, ಯಾವ ನೆಂಟರು ಬರೋದು ನಿಲ್ಲಿಸಿದ್ರು, ಇಂಥವು ಕೇಳಿ. ಕೊನೇದು ಕೇಳಿದಾಗ ಸ್ವಲ್ಪ ಹುಷಾರು, ಆ ನೆಂಟರು ಈಗಲೂ ಮದುವೆ ಮುಂಜಿಗೆ ಬರೋರೇ ಆಗಿರ್ತಾರೆ. ವಿಡಿಯೋ ಬೇಡವೇ ಬೇಡ, ಸೆರಗು ಸರಿ ಮಾಡ್ಕೊಂಡು ನೆಟ್ಟಗೆ ಕೂತುಬಿಡ್ತಾರೆ. ಅವರೇಕಾಯಿ ಸುಲೀತಾ ಕೂತಿದ್ದಾಗ, ಕೈಗೆ ಕೆಲಸ ಇದ್ದಾಗ, ಫ್ಯಾನ್ ಆಫ್ ಮಾಡಿ ಮೊಬೈಲಲ್ಲಿ ಬರೀ ಆಡಿಯೋ, ಅದೂ ಅವರಿಗೆ ಹೇಳಿಯೇ ಆನ್ ಮಾಡಿ. ತಾರೀಕು ತಪ್ಪು ಹೇಳಿದ್ರೆ ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಹಳೇ ಪೇಪರ್ ತೆಗೆದು ತಾಳೆ ನೋಡ್ತೀನಿ ಅಂದ್ರೂ ಆಗ ಸೆನ್ಸಾರ್ ಇತ್ತು, ನಿಮ್ಮ ತಂದೆ ಅರೆಸ್ಟ್ ಆಗಿದ್ದು ಅದರಲ್ಲಿ ಸಿಗೋದು ಕಷ್ಟ. ಹೊಡೆದ ವಿಷಯ ನೀವಾಗಿ ಎತ್ತಬೇಡಿ, ಅದು ಅವರ ಇಷ್ಟ.

ಹುಣ್ಸೂರ್_ರೋಡ್:
ಪಾಲಿಟಿಕ್ಸ್ ಬ್ಯಾಡ ಅಂದ್ರಿ, ಆದ್ರೂ ಹೇಳ್ದೆ ಇರಕ್ಕಾಗಲ್ಲ ಬ್ರದರ್. ನಮ್ಮಜ್ಜ ಗೇಣಿಗೆ ಉಳ್ತಿದ್ದೋರು. ಆಗಿನ ಸಿಎಂ ದೇವರಾಜ ಅರಸು ಅವರ ಭೂ ಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು 1974ರ ಮಾರ್ಚ್‌ನಲ್ಲಿ, ಅದಾದ್ಮೇಲೆ ಗೇಣಿದಾರ್ರು ಜಮೀನಿನ ಹಕ್ಕು ಕೇಳೋ ಅರ್ಜಿ ಫಾರಂ 7 ಹಾಕಿ, ಭೂ ನ್ಯಾಯಮಂಡಳಿ ಮುಂದೆ ಧಣಿ ಎದುರಿಗೇ ನಿಂತು ನಾನೇ ಉಳೋದು ಅಂತ ಹೇಳಿ ಜಮೀನು ತಗೊಂಡ್ರು. ಅದೆಲ್ಲ ಆಗಿದ್ದು ಇದೇ ಎಮರ್ಜೆನ್ಸಿ ಟೈಮಲ್ಲಿ. ನಮ್ಮನೆಲಿ ಅದು ಜಮೀನು ಬಂದ ವರ್ಷ, ಅಷ್ಟೇ, ಬೇರೆ ಹೆಸರೇ ಇಲ್ಲ. 1977ರ ಎಲೆಕ್ಷನ್ನಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಲಿ ಅವರೇ ಸೋತ್ರು, ನಮ್ ರಾಜ್ಯದಲ್ಲಿ ಮಾತ್ರ 28ಕ್ಕೆ 26 ಸೀಟು ಕಾಂಗ್ರೆಸ್ಸಿಗೇ ಬಂತು. ಅಷ್ಟೂ ಜನ ಬುದ್ಧಿ ಇಲ್ದೆ ಓಟ್ ಹಾಕುದ್ರಾ? ನಿಮ್ಮಪ್ಪಂದು ಸುಳ್ಳು ಅಂತ ಹೇಳ್ತಿಲ್ಲ. ನಿಮ್ ಮಗನ ಕ್ಲಾಸಲ್ಲಿ ನಮ್ ಥರದ ಮನೆ ಹೈಕ್ಳೂ ಇರ್ತಾರೆ, ಅವ್ರು ಮನೆಗೋಗಿ ಅಜ್ಜನ್ನ ಕೇಳುದ್ರೆ ಬೇರೆನೇ ಕಥೆ ಬರತ್ತೆ, ಆಗೇನ್ ಮಾಡ್ತೀರ?

ಸರಸ್ವತಿಪುರಂ_ಟೀಚರ್:
ಬರಲಿ ಬಿಡಿ, ಒಳ್ಳೇದೇ ಆಯ್ತು. ನಿಮ್ಮಜ್ಜನಿಗೆ ಜಮೀನು ಬಂದಿದ್ದೂ ನಿಜ, ಅದೇ ಸರ್ಕಾರ ಇದ್ದಾಗ ಬೆಂಗಳೂರು ಜೈಲಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಲ್ಲಿ ನರಳಿ ನರಳಿ, ಪೆರೋಲ್ ಮೇಲೆ ಹೊರಗೆ ಬಂದು 1977ರ ಜನವರಿಲಿ ತೀರಿಕೊಂಡಿದ್ದೂ ನಿಜ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಎರಡೂ ಒಟ್ಟಿಗೆ ಅರ್ಥ ಆಗತ್ತೆ. ಆಗದೆ ಇರೋದು ದೊಡ್ಡವರಿಗೆ.

ದೇವರಾಜ_ಮಾರ್ಕೆಟ್:
ಇದು ಓದ್ತಾ ನೆನಪಾಯ್ತು, ನಮ್ ಕಾಲೇಜ್ ಹುಡುಗ್ರನ್ನ ಕೇಳ್ದೆ ನಮ್ ಮೈಸೂರಿನ ರಾಮಸ್ವಾಮಿ ಸರ್ಕಲ್‌ನ ರಾಮಸ್ವಾಮಿ ಯಾರ್ರೋ ಅಂತ. ಒಬ್ಬ ಮಿನಿಸ್ಟರ್ ಅಂದ, ಇನ್ನೊಬ್ಬ ದಿವಾನರು ಅಂದ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ್ಮೇಲೂ ನಮ್ ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ಮೈಸೂರು ಚಲೋ ನಡೀತಲ್ಲ, ಅದ್ರಲ್ಲಿ ಗುಂಡೇಟಿಗೆ ಸತ್ತ ಸ್ಟೂಡೆಂಟ್ ಕಣ್ರೋ, ನಿಮಗಿಂತ ಚಿಕ್ಕೋನು ಅಂದ್ರೆ ಬಾಯ್ ಬಿಟ್ಕೊಂಡು ನೋಡುದ್ರು. ದಿನಾ ಅಲ್ಲೇ ಬಸ್ ಇಳಿಯೋ ನನ್ಮಕ್ಳು!

ಪಿರಿಯಾಪಟ್ಣ_ದಿನಸಿ:
ನಮ್ದು ಬೈಲಕುಪ್ಪೆ ಹತ್ರ ಅಂಗಡಿ. ಇಲ್ಲಿ ಟಿಬೆಟ್ನೋರು ಪ್ರತಿ ಮಾರ್ಚ್ 10ಕ್ಕೆ ಬಾವುಟ ಹಿಡ್ಕೊಂಡು ಸೇರ್ತಾರೆ, 1959ರಲ್ಲಿ ಟಿಬೆಟ್ಟಿನ ಲಾಸಾದಲ್ಲಿ ಚೀನಾ ವಿರುದ್ಧ ಜನ ಎದ್ದಿದ್ದು ಅವತ್ತು. ಹೈಕ್ಳೂ ಬರ್ತಾವೆ, ಹಾಡು, ಭಾಷಣ, ಎಲ್ಲಾ ನಿಮ್ಮ ಜೂನ್ 25ರ ಥರಾನೇ. ನಮ್ಮಂಗಡಿಗೆ ಒಬ್ರು ಅಜ್ಜ ಬರೋರು, ಕನ್ನಡ ಚೆನ್ನಾಗ್ ಮಾತಾಡೋರು. 60ರ ದಶಕದಲ್ಲಿ ಇಲ್ಲಿ ಟೆಂಟಲ್ಲಿದ್ದಿದ್ದು, ಕಾಡು ಕಡಿದಿದ್ದು, ರಾತ್ರಿ ಆನೆ ಬಂದ್ರೆ ಡಬ್ಬ ಬಡಿದಿದ್ದು ಎಲ್ಲಾ ನಗ್ತಾ ಹೇಳೋರು, ಬೆಟ್ಟ ದಾಟಿ ಬಂದಿದ್ದು ಕೇಳುದ್ರೆ ಮಾತ್ರ ಬೆಲ್ಲ ಎಷ್ಟು ಅನ್ನೋರು. ಅವ್ರ ಮೊಮ್ಮಗಳು ಒಂದಿನ ಉಗುರು ಕತ್ತರ್ಸಿ ಕೊಡ್ತಾ ತಾತ ನಿಂಗೆ ಕಾಲ್ಬೆರಳು ಯಾಕೆ ಕಮ್ಮಿ ಅಂದ್ಲಂತೆ. ಮಂಜಲ್ಲಿ ನಡೆದು ಬೆರಳು ಸತ್ತಿದ್ದು, ಹಗಲೊತ್ತು ಅಡಗಿದ್ದು, ತಮ್ಮನ್ನ ದಾರಿಲೇ ಬಿಟ್ಟಿದ್ದು, ಎಲ್ಲಾ ಅವತ್ತೇ ಆಚೆ ಬಂತಂತೆ. ಆ ಹುಡುಗಿನೇ ನಂಗೆ ಹೇಳಿದ್ದು.

ಮಂಡ್ಯ_ಹೈದ:
ಟೀಚರ್, ನೀವ್ ಹೇಳ್ದಂಗೇ ಅವ್ವನ ಹತ್ರ ಕೂತೆ. ಅಪ್ಪ ಜೈಲಲ್ಲಿದ್ದಾಗ ನಮ್ಮಕ್ಕ ಹುಟ್ಟಿದ್ದು ಅಂತ ಗೊತ್ತಿತ್ತು, ಆದ್ರೆ ಊರೋರಿಗೆಲ್ಲ ಅಳಿಯ ಬೊಂಬಾಯಿಗೆ ಕೆಲ್ಸಕ್ಕೋಗವ್ನೆ ಅಂತ ನಮ್ ತಾತ ಹೇಳ್ಕೊಂಡಿದ್ರು ಅನ್ನೋದು ಈಗ ಗೊತ್ತಾಯ್ತು. ಜೈಲಿಗೋಗೋ ಕಾಗದ ಓದ್ತಾರೆ ಅಂತ ಹೆದ್ರಿ, ಅಕ್ಕ ಹುಟ್ಟಿದ ಸುದ್ದಿನ ಕಾರ್ಡಲ್ಲಿ ಕೆಂದಸು ಹೆಣ್ಗರ ಹಾಕೈತೆ, ಎರಡೂ ಚೆನ್ನಾಗವೆ ಅಂತ ಬರ್ಸಿದ್ರಂತೆ. ನನ್ ಮಗ ಬಿದ್ದೂ ಬಿದ್ದೂ ನಕ್ಕ. ಅಪ್ಪ ಜಗಲಿಲಿದ್ದೋರು ಅಲ್ಲಿಂದಲೇ, ಕೆಂದಸು ಅಲ್ಲ ಕಣೆ, ಕರೇ ಹಸು ಅಂತ ಬರ್ದಿದ್ರಿ, ಅದ್ಕೇ ನಂಗೆ ಅರ್ಥ ಆಗ್ದೆ ಇದ್ದಿದ್ದು, ನಮ್ಮನೆಲಿ ಕರೇ ಹಸುನೇ ಇರ್ಲಿಲ್ಲ ಅಂದ್ರು. ಆಮೇಲೆ ಒಳಗ್ ಬಂದು ಕೂತ್ರು. ಬ್ಯಾರಕ್ಕಲ್ಲಿ ಯಾರ್ಯಾರು ಇದ್ರು, ಯಾರು ಗೊರಕೆ ಹೊಡೀತಿದ್ರು, ಅಷ್ಟು ಬಂತು. ಹೊಡೆದಿದ್ದು ಬರ್ಲಿಲ್ಲ, ನಾವೂ ಕೇಳ್ಲಿಲ್ಲ. ಆಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕ್ಲಾ ಅಂದ್ರೆ ಅವ್ವ ಬ್ಯಾಡ ಅಂದ್ಲು, ಆ ನೆಂಟ್ರು ಅದ್ರಲ್ಲೇ ಅವ್ರೆ.

ಹುಣ್ಸೂರ್_ರೋಡ್ ಅಣ್ಣ, ನಿಮ್ ಮಾತೂ ಅಪ್ಪಂಗೆ ಹೇಳ್ದೆ. ಗೇಣಿದಾರ್ರಿಗೆ ಜಮೀನು ಬಂದಿದ್ದು ನಿಜ, ಅದ್ಕೆ ನನ್ನ ಒಳಗಾಕ್ಬೇಕಿತ್ತಾ ಅಂದ್ರು.

ಹುಣ್ಸೂರ್_ರೋಡ್:
ಅಜ್ಜನ ಟ್ರಿಬ್ಯುನಲ್ ಆರ್ಡರ್ ಕಾಪಿ ಇನ್ನೂ ಟ್ರಂಕಲ್ಲಿ ಐತೆ. ಸ್ಕೂಲ್ ಪ್ರೋಗ್ರಾಂಗೆ ಬೇಕು ಅಂದ್ರೆ ಕಾಪಿ ತರ್ತೀನಿ, ಅಜ್ಜ ಇಲ್ಲ, ನಮ್ಮಪ್ಪನ್ನ ಕರ್ಕೊಂಡ್ ಬರ್ತೀನಿ.

ಮಂಡ್ಯ_ಹೈದ:
ಬನ್ನಿ ಅಣ್ಣ, ಸ್ಕೂಲ್ನೋರತ್ರ ನಾನು ಮಾತಾಡ್ತೀನಿ. ಅಪ್ಪ ವಾದಕ್ಕಿಳುದ್ರೆ ಬಿಡೋರಲ್ಲ, ನಿಮ್ಮಪ್ಪಂಗೆ ಮೊದ್ಲೇ ಹೇಳಿ ರೆಡಿ ಮಾಡ್ಕೊಂಡ್ ಬನ್ನಿ.