ಬೇಸಿಗೆ ರಜೆಯಲ್ಲಿ ಮಗಳು, ಮಗ ಮತ್ತು ನಾನು ಮೂವರೂ ನೃತ್ಯ ಕಲಿಯಬೇಕೆಂದಿದ್ದೇವೆ: ತರಗತಿಯನ್ನು ಹೇಗೆ ಆರಿಸಿಕೊಳ್ಳಬೇಕು?

ಪ್ರಶ್ನೆ (ಬನಶಂಕರಿಯ ಓದುಗಿ)

ಎಲ್ಲರಿಗೂ ನಮಸ್ಕಾರ. ನಾವು ಬನಶಂಕರಿ ಎರಡನೇ ಹಂತದಲ್ಲಿ ವಾಸವಾಗಿದ್ದೇವೆ. ಮಗಳಿಗೆ 6 ವರ್ಷ, ಮಗನಿಗೆ 14, ನನಗೆ 41. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ ಇರುವುದರಿಂದ ಈ ಬಾರಿ ಮೂವರೂ ನೃತ್ಯ ಕಲಿಯೋಣವೆಂದು ಮನೆಯಲ್ಲಿ ಮಾತಾಗಿದೆ. ಮಗಳದು ಭರತನಾಟ್ಯವೇ ಆಗಬೇಕೆಂಬ ಹಟ. ಮಗನಿಗೆ ಕುಣಿಯುವುದೆಂದರೆ ಇಷ್ಟ, ಆದರೆ ಹೆಣ್ಣುಮಕ್ಕಳೇ ತುಂಬಿರುವ ತರಗತಿಯಲ್ಲಿ ತಾನೊಬ್ಬನೇ ನಿಲ್ಲಲು ಸಂಕೋಚಪಡುತ್ತಾನೆ. ನಾನು ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಭರತನಾಟ್ಯ ಕಲಿತು, ಜೂನಿಯರ್ ಪರೀಕ್ಷೆಗೆ ಕೂರುವ ಮೊದಲೇ ಬಿಟ್ಟವಳು. ಅರ್ಧಕ್ಕೆ ನಿಂತ ಆ ಕಲಿಕೆಯ ಕೊರಗು ಇನ್ನೂ ಹೋಗಿಲ್ಲ.

ಕಳೆದ ವರ್ಷ ಮಗಳನ್ನು ಒಂದು ಬೇಸಿಗೆ ಶಿಬಿರಕ್ಕೆ ಸೇರಿಸಿದ್ದೆವು. ನಲವತ್ತಕ್ಕೂ ಹೆಚ್ಚು ಮಕ್ಕಳಿಗೆ ಮೂರು ವಾರ ಒಂದೇ ಸಿನಿಮಾ ಹಾಡನ್ನು ಅಭ್ಯಾಸ ಮಾಡಿಸಿ, ಕೊನೆಯ ದಿನ ಬಾಡಿಗೆಯ ಉಡುಪು ತೊಡಿಸಿ ವೇದಿಕೆ ಹತ್ತಿಸಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಅವಳು ಮುಂದಿನವರನ್ನು ನೋಡಿಕೊಂಡು ಕೈಕಾಲು ಆಡಿಸಿದಳು. ಒಂದು ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮರೆತುಹೋಗಿತ್ತು. ಈ ಬಾರಿ ಹಾಗಾಗಬಾರದು. ಆರು ವಾರಗಳಲ್ಲಿ ನಿಜವಾಗಿ ಏನನ್ನು ಕಲಿಯಲು ಸಾಧ್ಯ? ಮೂವರೂ ಒಂದೇ ಕಡೆ ಸೇರಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಮಲ್ಲೇಶ್ವರದ ನೃತ್ಯ ಶಿಕ್ಷಕಿ)

ನಿಮ್ಮ ಪ್ರಶ್ನೆಗೆ ಮೊದಲು ಲೆಕ್ಕದ ಮೂಲಕವೇ ಉತ್ತರಿಸುತ್ತೇನೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯಂತೆ ಆರು ವಾರ ಕಲಿತರೆ ದೊರೆಯುವುದು 18 ಗಂಟೆಗಳು ಮಾತ್ರ. ಅಷ್ಟರಲ್ಲಿ 6 ವರ್ಷದ ಮಗು ನಮಸ್ಕಾರ ಮಾಡುವುದನ್ನು, ಬೆನ್ನು ನೇರವಾಗಿಟ್ಟು ಅರೆಮಂಡಿಯಲ್ಲಿ (ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿ) ಕೂರುವುದನ್ನು, ತಟ್ಟಡವಿನ (ಪಾದವನ್ನು ನೆಲಕ್ಕೆ ತಟ್ಟುವ ಹೆಜ್ಜೆ) ಮೊದಲ ಕೆಲವು ಬಗೆಗಳನ್ನು, ಪತಾಕದಿಂದ ಆರಂಭವಾಗುವ ಅಸಂಯುತ ಹಸ್ತಗಳ (ಒಂದೇ ಕೈಯಲ್ಲಿ ಹಿಡಿಯುವ ಮುದ್ರೆಗಳು) ಶ್ಲೋಕವನ್ನು ಕಲಿತರೆ ಅದು ತುಂಬಾ ಒಳ್ಳೆಯ ಕಲಿಕೆ. ಅಲರಿಪು (ಸಾಮಾನ್ಯವಾಗಿ ಮೊದಲು ಕಲಿಯುವ ಪೂರ್ಣ ನೃತ್ಯ) ಕಲಿಸಿಬಿಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅಡವುಗಳು, ಅಂದರೆ ಮೂಲ ಹೆಜ್ಜೆಗಳು, ಮೂರು ಕಾಲಗಳಲ್ಲಿಯೂ (ನಿಧಾನ, ಮಧ್ಯಮ, ವೇಗ) ಕಾಲಿಗೆ ಕೂರದೆ ಅಲರಿಪುವಿಗೆ ಹೋದ ಮಕ್ಕಳ ಅರೆಮಂಡಿಯನ್ನು ಮುಂದೆ ಸರಿಪಡಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ಪ್ರತಿ ಜೂನ್ ತಿಂಗಳಲ್ಲಿ, ಬೇರೆ ಕಡೆಯಿಂದ ಬಂದ ಹೊಸ ಮಕ್ಕಳನ್ನು ನೋಡುವಾಗ ಅನುಭವಿಸುತ್ತೇನೆ.

ತರಗತಿಯನ್ನು ನೋಡಲು ಹೋದಾಗ ಗೋಡೆಯ ಮೇಲಿನ ಪ್ರಶಸ್ತಿಗಳಿಗಿಂತ ಮೊದಲು ನೆಲವನ್ನು ನೋಡಿ. ನಮ್ಮ ಊರಿನ ಎಷ್ಟೋ ತರಗತಿಗಳು ಮನೆಯ ಮಹಡಿಯಲ್ಲಿ ಅಥವಾ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯುತ್ತವೆ. ಅಲ್ಲಿ ಕಾಂಕ್ರೀಟಿನ ಮೇಲೆ ನೇರವಾಗಿ ಗ್ರಾನೈಟ್ ಅಥವಾ ಟೈಲ್ಸ್ ಹಾಕಿರುತ್ತಾರೆ. ಬರಿಗಾಲಿನಲ್ಲಿ ತಟ್ಟಿದಾಗ ಅಂತಹ ನೆಲ ಸ್ವಲ್ಪವೂ ಬಾಗುವುದಿಲ್ಲವಾದ್ದರಿಂದ ಪೆಟ್ಟೆಲ್ಲವೂ ಮೊಣಕಾಲಿಗೂ ಕಣಕಾಲಿನ ಮುಂಭಾಗದ ಮೂಳೆಗೂ ಹಿಂದಿರುಗುತ್ತದೆ. ಕೆಳಗೆ ಟೊಳ್ಳು ಬಿಟ್ಟು ಹಾಸಿದ ಮರದ ನೆಲವಿದ್ದರೆ ಅತ್ಯುತ್ತಮ. ಎಲ್ಲರಿಗೂ ಅದು ಸಾಧ್ಯವಿಲ್ಲ, ನನ್ನ ತರಗತಿಗೂ ಮರದ ನೆಲ ಬಂದದ್ದು ಬಹಳ ವರ್ಷಗಳ ನಂತರ. ಗಟ್ಟಿ ನೆಲವಿರುವ ಕಡೆ ಶಿಕ್ಷಕರು ಮೂರನೇ ಕಾಲದ ಅಭ್ಯಾಸವನ್ನು ಎಷ್ಟು ಹೊತ್ತು ಮಾಡಿಸುತ್ತಾರೆ, ನಡುವೆ ವಿರಾಮ ಕೊಡುತ್ತಾರೆಯೇ, ಒಂದು ದಿನ ಬಿಟ್ಟು ಒಂದು ದಿನ ತರಗತಿ ಇಟ್ಟಿದ್ದಾರೆಯೇ ಎಂಬುದನ್ನು ವಿಚಾರಿಸಿ.

ಒಂದೇ ಶಾಲೆಗೆ ಮೂವರೂ ಬರಬಹುದು, ಆದರೆ ಒಂದೇ ಬ್ಯಾಚಿಗೆ ಬೇಡ. ಮಗು ಆಟದ ಮೂಲಕ ತಾಳವನ್ನು ಹಿಡಿಯುತ್ತದೆ, ದೊಡ್ಡವರಿಗೆ ಪ್ರತಿ ಚಲನೆಗೂ ಕಾರಣ ಹೇಳಬೇಕಾಗುತ್ತದೆ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯ. ಮಗುವಿನ ಬ್ಯಾಚಿನಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಒಬ್ಬೊಬ್ಬರ ಪಾದವನ್ನು ನೋಡಲು ನನಗಂತೂ ಸಾಧ್ಯವಾಗುವುದಿಲ್ಲ. ಬೆಳಗಿನ 7 ಗಂಟೆಯ ತರಗತಿ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಏಪ್ರಿಲ್‌ನಲ್ಲಿ ಬಿಸಿಲು, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಮತ್ತು ಟ್ರಾಫಿಕ್. ಸಂಜೆಯ ಬ್ಯಾಚಿನವರು ವಾರಕ್ಕೊಂದು ತರಗತಿ ಕಳೆದುಕೊಳ್ಳುತ್ತಾರೆ.

ಇನ್ನೊಂದು ಮಾತು. ಏಪ್ರಿಲ್ 29 ಅಂತರರಾಷ್ಟ್ರೀಯ ನೃತ್ಯ ದಿನ. ಆಸುಪಾಸಿನಲ್ಲಿ ಮಲ್ಲೇಶ್ವರದ ಸೇವಾ ಸದನದಲ್ಲೋ ರವೀಂದ್ರ ಕಲಾಕ್ಷೇತ್ರದಲ್ಲೋ ಕಾರ್ಯಕ್ರಮವಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸಾಧ್ಯವಾದರೆ ನಟ್ಟುವಾಂಗದವರು (ತಾಳ ಹಾಕಿ ನೃತ್ಯ ನಡೆಸುವವರು) ಕಾಣುವ ಕಡೆ ಕುಳಿತುಕೊಳ್ಳಿ. ಸೊಲ್ಲುಕಟ್ಟು (ಹೆಜ್ಜೆಯ ಲಯದ ಪದಗಳು) ಹೇಳುವ ಬಾಯಿ, ತಾಳ ಹಾಕುವ ಕೈ ಮತ್ತು ಕುಣಿಯುವ ಕಾಲು ಒಂದಾಗುವುದನ್ನು ಒಮ್ಮೆ ಕಣ್ಣಾರೆ ಕಂಡ ಮಗುವಿಗೆ ನಾನು ಹತ್ತು ಬಾರಿ ವಿವರಿಸಬೇಕಾಗುವುದಿಲ್ಲ.

ಉತ್ತರ 2 (ರಾಜಾಜಿನಗರದ ಒಬ್ಬ ತಂದೆ)

ನಿಮ್ಮ ಮಗನ ಸಂಕೋಚ ನಮ್ಮ ಮನೆಯಲ್ಲಿಯೂ ಇತ್ತು. ನಾವು ಮೂಲತಃ ಕುಂದಾಪುರದ ಕಡೆಯವರಾದ್ದರಿಂದ ನನ್ನ ಮಗನನ್ನು ಯಕ್ಷಗಾನ ತರಗತಿಗೆ ಕರೆದುಕೊಂಡು ಹೋದೆ. ಅಲ್ಲಿ ಹುಡುಗರೂ ಹುಡುಗಿಯರೂ ಬೆರೆತಿದ್ದರು, ಯಾರೂ ಯಾರನ್ನೂ ವಿಚಿತ್ರವಾಗಿ ನೋಡಲಿಲ್ಲ. ಮೊದಲ ಎರಡು ವಾರ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಹೆಜ್ಜೆಗಳು ಮತ್ತು ಬಾಯಲ್ಲಿ ತಾಳ ಹೇಳುವುದು ಮಾತ್ರ. ನಿಜವಾಗಿ ಅವನನ್ನು ಹಿಡಿದಿಟ್ಟದ್ದು ಚೆಂಡೆಯ ಪೆಟ್ಟು. ಭಾಗವತರ ಪದ ಮುಗಿದ ಮೇಲೆ ಪಾತ್ರಧಾರಿ ತನ್ನದೇ ಮಾತಿನಲ್ಲಿ ಅರ್ಥ ಹೇಳಬೇಕಾಗುತ್ತದೆಯಲ್ಲವೇ, ಅದಕ್ಕಾಗಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದ ಹುಡುಗ ಮಹಾಭಾರತದ ಪ್ರಸಂಗಗಳನ್ನು ಕನ್ನಡದಲ್ಲಿ ಓದತೊಡಗಿದ. ಅದನ್ನು ಕಂಡು ನನ್ನ ತಾಯಿಯವರಿಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ನನಗೆ ಬಾರದು.

ನಿಮ್ಮ ಮಗನಿಗೆ ಪಾಶ್ಚಾತ್ಯ ಚಲನೆಯ ಕಡೆ ಒಲವಿದ್ದರೆ ಸಮಕಾಲೀನ ನೃತ್ಯವನ್ನೂ ನೋಡಬಹುದು; 1992ರಲ್ಲಿ ಆರಂಭವಾದ ಅಟ್ಟಕ್ಕಲರಿಯಂತಹ ಕೇಂದ್ರ ನಮ್ಮ ಊರಿನಲ್ಲಿಯೇ ಇದೆ. ಯಾವುದೇ ಆಗಲಿ, ಮೊದಲ ದಿನ ಅವನನ್ನು ಸೇರಿಸಬೇಡಿ, ಸುಮ್ಮನೆ ಕುಳಿತು ನೋಡಲು ಬಿಡಿ.

ಉತ್ತರ 3 (ಫಿಸಿಯೋಥೆರಪಿಸ್ಟ್, ಜಯನಗರ)

ಮಗನ ವಯಸ್ಸಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹದಿಮೂರು ಹದಿನಾಲ್ಕರಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಆದ್ದರಿಂದ ಮೈ ಬಿಗಿಯಾಗಿರುವುದು ಸಹಜ. ಬೆನ್ನ ಮೇಲೆ ಕೈಯಿಟ್ಟು ಒತ್ತಿ ಬಗ್ಗಿಸುವ ಶಿಕ್ಷಕರಿಂದ ದೂರವಿರಿ. ಮಂಡಿಚಿಪ್ಪಿನ ಕೆಳಗಿರುವ ಉಬ್ಬಿನಲ್ಲಿ ನೋವು ಕಾಣಿಸಿಕೊಂಡರೆ ನೆಗೆಯುವುದನ್ನೂ ಮಂಡಿಯೂರಿ ಸುತ್ತುವುದನ್ನೂ ಕೂಡಲೇ ನಿಲ್ಲಿಸಿ, ವೈದ್ಯರಿಗೆ ತೋರಿಸಬೇಕು. ನಿಮಗೆ ಹೇಳುವುದಾದರೆ, ಅರೆಮಂಡಿಯಲ್ಲಿ ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಇರಲಿ. ಸೊಂಟದಿಂದ ತಿರುಗದ ಪಾದವನ್ನು ಬಲವಂತವಾಗಿ ಹೊರಗೆ ತಿರುಗಿಸಿದರೆ ಮಂಡಿ ತಿರುಚಿಕೊಳ್ಳುತ್ತದೆ.

ಉತ್ತರ 4 (ಬಸವನಗುಡಿಯ ಕಥಕ್ ವಿದ್ಯಾರ್ಥಿನಿ)

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ 46ನೇ ವಯಸ್ಸಿನಲ್ಲಿ ಕಥಕ್ ಆರಂಭಿಸಿದೆ, ಈಗ 52. ಕಥಕ್ ಗುರು ಮಾಯಾ ರಾವ್ ಅವರು 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದಾಗಿನಿಂದ ಇಲ್ಲಿ ಕಥಕ್ ಕಲಿಯುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ನೆಟ್ಟಗೆ ನಿಂತೇ ತತ್ಕಾರ (ಕಥಕ್‌ನ ಮೂಲ ಪಾದಚಲನೆ) ಮಾಡುವುದರಿಂದ ನನ್ನ ಮಂಡಿಗೆ ಅದು ಒಗ್ಗಿತು. ಆದರೆ ನಿಮ್ಮ ಮನಸ್ಸು ಭರತನಾಟ್ಯದಲ್ಲಿ ಇರುವುದು ಪ್ರಶ್ನೆಯಿಂದಲೇ ತಿಳಿಯುತ್ತದೆ, ಆದ್ದರಿಂದ ನೀವು ಅದನ್ನೇ ಮುಂದುವರಿಸಿ ಅಕ್ಕ. ಇದೇ ಊರಿನ ಯು. ಎಸ್. ಕೃಷ್ಣರಾವ್ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಪತ್ನಿ ಚಂದ್ರಭಾಗಾ ದೇವಿಯವರೊಂದಿಗೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯ ಕಲಿತವರು. ದೊಡ್ಡವರಿಗೆ ಕಾಲಿಗಿಂತ ನೆನಪು ಕೈಕೊಡುವುದು ಹೆಚ್ಚು. ನಾನು ಬೋಲ್‌ಗಳನ್ನು (ಹೆಜ್ಜೆಗೆ ಹೇಳುವ ಲಯದ ಪದಗಳು) ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೆಟ್ರೋದಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ಹೇಳಿಕೊಳ್ಳುತ್ತೇನೆ. ಕಾಲು ಆಮೇಲೆ ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಭಾನುವಾರ ಮೂರು ತರಗತಿಗಳನ್ನು ನೋಡಿ ಬಂದೆವು. ಒಂದು ಕಡೆ ನೆಲವನ್ನು ಕಂಡ ಕೂಡಲೇ ಹಿಂದಿರುಗಿದೆವು. ಮಗಳಿಗೂ ನನಗೂ ಪದ್ಮನಾಭನಗರದಲ್ಲಿ ಒಂದೇ ಗುರುಗಳ ಬಳಿ ಎರಡು ಬೇರೆ ಬ್ಯಾಚ್‌ಗಳು ಸಿಕ್ಕಿವೆ; ಕೊನೆಯ ದಿನ ಪ್ರದರ್ಶನವಿಲ್ಲ, ಪೋಷಕರೆದುರು ಅಡವುಗಳನ್ನು ಮಾಡಿ ತೋರಿಸುವುದಷ್ಟೇ ಎಂದರು. ಮಗ ಯಕ್ಷಗಾನ ತರಗತಿಯಲ್ಲಿ ಒಂದು ಗಂಟೆ ಅಲುಗಾಡದೆ ಕುಳಿತಿದ್ದ, ಸೇರುತ್ತೇನೆಂದು ಇನ್ನೂ ಹೇಳಿಲ್ಲ. ನಾವು ಕೇಳಿಯೂ ಇಲ್ಲ. ಮೇಡಂ, ಒಂದು ಸಣ್ಣ ಪ್ರಶ್ನೆ: ಮಗಳಿಗೆ ಈಗಲೇ ಗೆಜ್ಜೆ ಕೊಡಿಸಬೇಕೇ?

ಮಲ್ಲೇಶ್ವರದ ನೃತ್ಯ ಶಿಕ್ಷಕಿ

ಈಗ ಬೇಡ. ಕಾಲಿನ ಸದ್ದು ತಾನೇ ತಾಳಕ್ಕೆ ಬೀಳುವುದನ್ನು ಅವಳು ಮೊದಲು ಕೇಳಿಸಿಕೊಳ್ಳಲಿ. ಗೆಜ್ಜೆ ಪೂಜೆಯ (ಮೊದಲ ಬಾರಿಗೆ ಗೆಜ್ಜೆ ಕಟ್ಟುವ ವಿಧಿ) ಕಾಲ ಬಂದಾಗ ಗುರುಗಳೇ ಹೇಳುತ್ತಾರೆ. ಸದ್ಯಕ್ಕೆ ಒಂದು ಹತ್ತಿಯ ಚೂಡಿದಾರ್, ಸೊಂಟಕ್ಕೆ ಬಿಗಿಯಾಗಿ ಕಟ್ಟಲು ಒಂದು ದುಪಟ್ಟಾ ಸಾಕು.