ಸಹಾಯ ಬೇಕು: ಪೈಲಟ್ ಸಂದರ್ಶನದ ತಯಾರಿಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. 200 ಗಂಟೆಗಳ ಹಾರಾಟ ಮುಗಿಸಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ (ಡಿಜಿಸಿಎ) ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆದಿದ್ದು, ಮುಂದಿನ ತಿಂಗಳು ವಿಮಾನಯಾನ ಸಂಸ್ಥೆಯೊಂದರಲ್ಲಿ ಸಹ ಪೈಲಟ್ ಹುದ್ದೆಗೆ ಸಂದರ್ಶನವಿದೆ. ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಓದುವುದು, ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು) ಏಕಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಅಳುಕಿಲ್ಲ. ಆದರೆ ಕಳೆದ ಬಾರಿ ಬೇರೊಂದು ಕಡೆ, ವಿ-1 ವೇಗ (ಇದನ್ನು ದಾಟಿದರೆ ಟೇಕಾಫ್ ಕೈಬಿಡುವಂತಿಲ್ಲ) ದಾಟಿದ ಮೇಲೆ ಎಂಜಿನ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ಟೇಕಾಫ್ ಮುಂದುವರಿಸುತ್ತೇನೆ ಎಂದು ಸರಿಯಾಗಿಯೇ ಹೇಳಿದವನು, ಕ್ಯಾಪ್ಟನ್ ಒಪ್ಪದಿದ್ದರೆ ಎಂಬ ಮರುಪ್ರಶ್ನೆಗೆ ಇಂಗ್ಲಿಷಿನಲ್ಲಿ ತಡವರಿಸಿ ಸುಮ್ಮನಾದೆ. ಈಗ ಮನೆಯಲ್ಲಿ ಅಮ್ಮನನ್ನೇ ಕ್ಯಾಪ್ಟನ್ ಮಾಡಿ ಅಭ್ಯಾಸ ನಡೆಸಿದ್ದೇನೆ. ಅವರು ಎಲ್ಲದಕ್ಕೂ ಒಪ್ಪಿಬಿಡುತ್ತಾರೆ. ಆದ್ದರಿಂದ ಈ ವೃತ್ತಿಯಲ್ಲಿರುವವರು ಅಥವಾ ನಿವೃತ್ತರು ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಾದರೂ ಇದ್ದರೆ, ಯಾವುದಾದರೂ ಭಾನುವಾರ ಒಂದು ಗಂಟೆ ಎದುರು ಕುಳಿತು ಅಣಕು ಸಂದರ್ಶನ ನಡೆಸಿಕೊಡಬೇಕೆಂದು ವಿನಂತಿಸುತ್ತೇನೆ. ವಿಡಿಯೊ ಕರೆಯಾದರೂ ಆದೀತು.