ಅಕ್ಕಿ ಗಿರಣಿಯ ಮೇಂಟೆನೆನ್ಸ್ ಶೆಡ್: ತಪಾಸಣೆಗೆ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ದಾವಣಗೆರೆಯ ಹರಿಹರ ರಸ್ತೆಯಲ್ಲಿರುವ ಅಕ್ಕಿ ಗಿರಣಿಯ ರಿಪೇರಿ ಶೆಡ್ ನನ್ನ ಜವಾಬ್ದಾರಿ. ಬೆಂಚ್ ಗ್ರೈಂಡರ್, ಆಂಗಲ್ ಗ್ರೈಂಡರ್, ವೆಲ್ಡಿಂಗ್ ಸೆಟ್, ಗ್ಯಾಸ್ ಕಟಿಂಗ್ ಸೆಟ್, 2 ಟನ್ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ಇವೆ. ಸದ್ಯದಲ್ಲೇ ಕಾರ್ಖಾನೆ ಇಲಾಖೆಯವರು ತಪಾಸಣೆಗೆ ಬರಬಹುದು. ಹೆಲ್ಮೆಟ್, ಎಚ್ಚರಿಕೆ ಬೋರ್ಡು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ತಂದಾಗಿದೆ. ಇನ್ನೇನು ನೋಡಬೇಕು?

ಉತ್ತರ (ಸುರಕ್ಷತಾ ಅಧಿಕಾರಿ): ಬೆಂಚ್ ಗ್ರೈಂಡರಿನಿಂದ ಶುರು ಮಾಡಿ. ಶೆಡ್ಡಿನಲ್ಲಿ ಎಲ್ಲರೂ ಬಳಸುವ, ಯಾರೂ ತಮ್ಮದು ಅನ್ನದ ಯಂತ್ರ ಅದು. ಮೇನ್ ಆಫ್ ಮಾಡಿ, ಕಲ್ಲು ಪೂರ್ತಿ ನಿಂತ ಮೇಲೆ ಅಳೆಯಿರಿ. ಕಲ್ಲಿಗೂ ಟೂಲ್ ರೆಸ್ಟಿಗೂ (ಉಜ್ಜುವ ತುಂಡನ್ನು ಆನಿಸಿ ಹಿಡಿಯುವ ಪಟ್ಟಿ) ನಡುವಿನ ಸಂದಿ 3 ಮಿ.ಮೀ. ಮೀರಬಾರದು. ಮೇಲಿನ ಗಾರ್ಡಿನ ನಾಲಿಗೆಪಟ್ಟಿಗೂ ಕಲ್ಲಿಗೂ 6 ಮಿ.ಮೀ. ಒಳಗಿರಬೇಕು. ಕಲ್ಲು ಸವೆದಷ್ಟೂ ಈ ಸಂದಿ ಅಗಲವಾಗುತ್ತಾ ಹೋಗುತ್ತದೆ, ರೆಸ್ಟನ್ನು ಮುಂದೆ ತರುವವರು ಮಾತ್ರ ಇರುವುದಿಲ್ಲ. ಹಿಡಿದ ಬೋಲ್ಟು ಆ ಸಂದಿಗೆ ಜಾರಿದರೆ ಕಲ್ಲು ಅದನ್ನು ಒಳಗೆಳೆದುಕೊಳ್ಳುತ್ತದೆ. ಬೆರಳು ಹಿಂದೆಯೇ ಹೋಗುತ್ತದೆ, ಇಲ್ಲವೇ ಕಲ್ಲೇ ಒಡೆದು ಸಿಡಿಯುತ್ತದೆ. 3 ಮಿ.ಮೀ. ದಪ್ಪದ ಪಟ್ಟಿಯ ತುಂಡೊಂದನ್ನು ಪಕ್ಕದ ಗೋಡೆಯಲ್ಲಿ ನೇತುಹಾಕಿ. ಸಂದಿಯಲ್ಲಿ ಅದು ಸಲೀಸಾಗಿ ತೂರಿದರೆ ರೆಸ್ಟ್ ಸರಿಸುವ ಸಮಯ ಬಂತು.

ಹೊಸ ಕಲ್ಲು ಹಾಕುವ ಮೊದಲು ನಾದ ಪರೀಕ್ಷೆ ಮಾಡಿ. ನಡುವಿನ ತೂತಿಗೆ ಕಡ್ಡಿ ತೂರಿಸಿ ನೇತುಹಿಡಿದು, ನೆತ್ತಿಯಿಂದ ಇಳಿಯುವ ನೆಟ್ಟಗಿನ ಗೆರೆಯಿಂದ 45 ಡಿಗ್ರಿ ಆಚೆ ಈಚೆ, ಅಂಚಿನಿಂದ 2ರಿಂದ 5 ಸೆಂ.ಮೀ. ಒಳಗೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ತಟ್ಟಿ. ಖಣಿಲ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಬಿರುಕಿದೆ, ಹಾಕಬೇಡಿ. ಕಲ್ಲು ಒಣಗಿರಬೇಕು, ತೇವ ಇದ್ದರೆ ಸದ್ದು ನಂಬುವಂತಿಲ್ಲ. ಕಲ್ಲಿನ ಮೇಲೆ ಅಚ್ಚಾಗಿರುವ ಗರಿಷ್ಠ ವೇಗ ಮೋಟಾರ್ ಪ್ಲೇಟಿನ ಆರ್‌ಪಿಎಂಗಿಂತ ಹೆಚ್ಚಿರಲಿ. ಎರಡೂ ಬದಿಯ ಕಾಗದದ ಬಿಲ್ಲೆಯನ್ನು ಕಿತ್ತೆಸೆಯಬೇಡಿ, ಕಲ್ಲನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ಫ್ಲ್ಯಾಂಜಿನ ಒತ್ತಡ ಸಮನಾಗಿ ಹರಡುವುದೇ ಅದರಿಂದ. ಜೋಡಿಸಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ.

ಆಂಗಲ್ ಗ್ರೈಂಡರಿನಲ್ಲಿ ಒಂದೇ ಒಂದು ವಿಷಯದಲ್ಲಿ ರಾಜಿ ಬೇಡ. ಗಾರ್ಡ್ ಬಿಚ್ಚಿ 4 ಇಂಚಿನ ಮೆಷಿನ್ನಿಗೆ 7 ಇಂಚಿನ ಡಿಸ್ಕ್ ಹಾಕುವುದು ಇವತ್ತೇ ನಿಲ್ಲಬೇಕು. ಸಣ್ಣ ಮೆಷಿನ್ ಸುಮಾರು 11,000 ಆರ್‌ಪಿಎಂನಲ್ಲಿ ತಿರುಗುತ್ತದೆ, ದೊಡ್ಡ ಡಿಸ್ಕಿನ ಮಿತಿ ಸುಮಾರು 8,500.

ಮರುಪ್ರಶ್ನೆ: ಭತ್ತ ಮೇಲೇರಿಸುವ ಎಲಿವೇಟರಿನ ಬಕೆಟ್ ಬದಲಿಸುವಾಗ ಸ್ಟಾರ್ಟರ್ ಆಫ್ ಮಾಡಿ, ಹತ್ತಿರ ಒಬ್ಬನನ್ನು ನಿಲ್ಲಿಸುತ್ತೇವೆ. ಸಾಲದೇ?

ಉತ್ತರ: ಸಾಲದು. ಸ್ಟಾಪ್ ಬಟನ್ ಒತ್ತಿದರೆ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಬಿಡುತ್ತದೆ ಅಷ್ಟೇ, ಕರೆಂಟ್ ಅದರ ಬಾಗಿಲಲ್ಲೇ ಕಾದಿರುತ್ತದೆ. ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿರಬಹುದು, ಪ್ಯಾನೆಲ್ಲಿನಿಂದ ಇನ್ನೊಬ್ಬ ಸ್ಟಾರ್ಟ್ ಒತ್ತಬಹುದು, ನಿಲ್ಲಿಸಿದವನು ಫೋನ್ ಬಂತೆಂದು ಆಚೆ ಹೋಗಬಹುದು. ಐಸೊಲೇಟರ್ (ಲೈನನ್ನೇ ಕಡಿಯುವ ಸ್ವಿಚ್) ಇಳಿಸಿ ಬೀಗ ಹಾಕಿ, ಕೀಲಿ ಒಳಗೆ ಕೈಹಾಕುವವನ ಜೇಬಿನಲ್ಲೇ ಇರಲಿ. ಮೂವರು ಕೆಲಸಕ್ಕಿಳಿದರೆ ಮೂರು ಬೀಗ. ಹಳೆಯ ಪ್ಯಾನೆಲ್ಲಿನಲ್ಲಿ ಬೀಗಕ್ಕೆ ಜಾಗವಿಲ್ಲದಿದ್ದರೆ ಮೂರೂ ಫ್ಯೂಸ್ ತೆಗೆದು ಪೆಟ್ಟಿಗೆಯಲ್ಲಿಟ್ಟು ಅದಕ್ಕೆ ಬೀಗ ಹಾಕಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿ, ತಿರುಗಬಾರದು. ಮೀಟರನ್ನು ಮೊದಲು ಲೈವ್ ಇರುವ ಕಡೆ ಪರೀಕ್ಷಿಸಿಕೊಂಡು, ನಂತರ ಮೋಟಾರ್ ಟರ್ಮಿನಲ್ ನೋಡಿ.

ಕರೆಂಟ್ ಹೋದ ಮೇಲೂ ಅಪಾಯ ಉಳಿದಿರುತ್ತದೆ. ಏರುವ ಬದಿಯ ಬಕೆಟ್‌ಗಳಲ್ಲಿ ಭತ್ತ ತುಂಬಿದ್ದರೆ ಆ ಭಾರಕ್ಕೇ ಬೆಲ್ಟ್ ಹಿಂದಕ್ಕೆ ಜಾರುತ್ತದೆ. ಎಲಿವೇಟರ್ ಖಾಲಿ ಓಡಿಸಿಯೇ ನಿಲ್ಲಿಸಿ. ತುಂಬಿದಾಗಲೇ ನಿಂತುಹೋಗಿದ್ದರೆ ಬೆಲ್ಟನ್ನು ಫ್ರೇಮಿಗೆ ಕ್ಲ್ಯಾಂಪ್ ಮಾಡದೆ ಕೈ ಹಾಕಬೇಡಿ.

ಸೇರ್ಪಡೆ (ಎಲೆಕ್ಟ್ರಿಕಲ್ ಸೂಪರ್‌ವೈಸರ್): ಕೈಯಲ್ಲಿ ಹಿಡಿಯುವ ಉಪಕರಣಗಳ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ಥಿಂಗ್ ಕೊಡುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟು, ಹೂತಿರುವ ಅರ್ಥ್ ಪ್ಲೇಟಿನಿಂದ ಸರಿಯುತ್ತದೆ, ಆಗ ರೋಧ ಏರುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅರ್ಥ್ ಪಿಟ್ಟಿಗೆ ನೀರು ತಪ್ಪಿಸಬೇಡಿ, ಅಳತೆಯನ್ನೂ ಆ ಬೇಸಿಗೆಯಲ್ಲೇ ಮಾಡಿಸಿ. ವೆಲ್ಡಿಂಗಿನ ರಿಟರ್ನ್ ಕೇಬಲ್ ಕೆಲಸದ ತುಂಡಿಗೇ ಕಚ್ಚಿಸಿ. ಎಲ್ಲೋ ಕಂಬಕ್ಕೆ ಸಿಕ್ಕಿಸಿದರೆ ಕರೆಂಟ್ ಬೇರಿಂಗ್ ಮೂಲಕ, ಚೈನ್ ಮೂಲಕ ದಾರಿ ಹುಡುಕಿ ಅವನ್ನೂ ಹಾಳು ಮಾಡುತ್ತದೆ.

ಮರುಪ್ರಶ್ನೆ: ಹೊಟ್ಟಿನ ರಾಶಿಯ ಹತ್ತಿರ ಗ್ಯಾಸ್ ಕಟಿಂಗ್ ಮಾಡಬೇಕಾಗುತ್ತದೆ. ನೀರು ಚಿಮುಕಿಸಿದರೆ ಆಯಿತೇ?

ಉತ್ತರ (ಸುರಕ್ಷತಾ ಅಧಿಕಾರಿ): ಮೇಲೆ ಒದ್ದೆಯಾದರೂ ಹೊಟ್ಟು ಒಳಗೇ ಕನಲುತ್ತದೆ, ಗಂಟೆಗಳ ನಂತರ ಹೊಗೆ ಕಾಣುತ್ತದೆ. ಆ ಭಾಗ ಬಿಚ್ಚಿ ಶೆಡ್ಡಿಗೆ ತರಲು ಬಂದರೆ ಅದೇ ಸರಿ. ಆಗದಿದ್ದರೆ ಸುತ್ತ 11 ಮೀಟರ್ ಹೊಟ್ಟು, ತೌಡಿನ ಧೂಳು, ಗೋಣಿಚೀಲ ತೆರವು ಮಾಡಿ. ತೊಲೆಗಳ ಮೇಲೆ ಕೂತ ಧೂಳನ್ನೂ ಗುಡಿಸಿ, ಏರ್ ಹೊಡೆಯಬೇಡಿ. ಗಾಳಿಗೆ ಎದ್ದ ಧೂಳಿಗೆ ಕಿಡಿ ತಾಗಿದರೆ ಸ್ಫೋಟವೇ ಆಗಬಹುದು. ಕೆಲಸ ಮುಗಿದ ಮೇಲೆ ಒಬ್ಬ ಒಂದು ಗಂಟೆ ಕಾವಲಿರಲಿ, ರಾತ್ರಿ ಪಾಳಿಯವರಿಗೂ ಹೇಳಿ ಹೋಗಿ.

ಅಸಿಟಿಲೀನ್ ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿ, ಮಲಗಿಸಿದರೆ ಒಳಗಿನ ಅಸಿಟೋನ್ ಹೊರಬರುತ್ತದೆ. ಆಕ್ಸಿಜನ್ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಎರಡೂ ಲೈನಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಪೈಪಿನಲ್ಲಿ ಹಿಂದಕ್ಕೆ ಬರದಂತೆ ತಡೆಯುವ ಸಾಧನ) ಬೇಕು.

ಮರುಪ್ರಶ್ನೆ: ಚೈನ್ ಬ್ಲಾಕಿಗೆ ಕಾಗದ ಏನಾದರೂ ಬೇಕೇ?

ಉತ್ತರ: ಬೇಕು. ಅರ್ಹತೆ ಪಡೆದ ಪರೀಕ್ಷಕರಿಂದ 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಇರಬೇಕು, ಎತ್ತಬಹುದಾದ ಭಾರ ಬ್ಲಾಕಿನ ಮೇಲೆ ಓದುವಂತಿರಬೇಕು. ಹುಕ್ಕಿನ ಲ್ಯಾಚ್ ಮುರಿದಿದ್ದರೆ, ಬಾಯಿ ಅಗಲಿಸಿದ್ದರೆ ಪಕ್ಕಕ್ಕಿಡಿ. ಹುಕ್ಕನ್ನು ಕಾಯಿಸಿ ಬಗ್ಗಿಸಿ ಸರಿಮಾಡಬೇಡಿ. ಭಾರವನ್ನು ಹುಕ್ಕಿಗೆ ತೂಗುಹಾಕುವ ಎರಡು ಕಾಲಿನ ಸ್ಲಿಂಗ್ ಅಡ್ಡಗೆರೆಗೆ 60 ಡಿಗ್ರಿ ಇದ್ದಾಗ 1 ಟನ್ ಭಾರಕ್ಕೆ ಪ್ರತಿ ಕಾಲಿಗೂ ಸುಮಾರು 0.58 ಟನ್ ಎಳೆತ. 30 ಡಿಗ್ರಿಗೆ ಚಪ್ಪಟೆಯಾದರೆ ಪ್ರತಿ ಕಾಲಿಗೂ ಪೂರ್ತಿ 1 ಟನ್. ಮೋಟಾರ್ ಎತ್ತುವಾಗ ಸ್ಲಿಂಗ್ ಗಿಡ್ಡವಾಯಿತು ಅನ್ನಿಸಿದರೆ ಉದ್ದದ್ದನ್ನೇ ತರಿಸಿ.

ರಿಜಿಸ್ಟರಿನಲ್ಲಿ "ಸರಿಯಿದೆ" ಎಂದಷ್ಟೇ ಬರೆಯಬೇಡಿ. ಟೂಲ್ ರೆಸ್ಟ್ 2 ಮಿ.ಮೀ., ಆರ್‌ಸಿಸಿಬಿ ಟ್ರಿಪ್ ಆಯಿತು, ಅರ್ಥ್ ಇಷ್ಟು ಓಮ್ ಎಂದು ಅಳತೆ, ದಿನಾಂಕ, ನೋಡಿದವರ ಸಹಿ ಬರಲಿ. ತಪಾಸಣೆಗೆ ಬಂದವರು ಮೊದಲು ತೆರೆಯುವ ಪುಸ್ತಕ ಅದು.